ಸುಸ್ತಿಗೆ ಥೈರಾಯ್ಡ್ ಮಾತ್ರೆ ಹೆಚ್ಚಿಸಬೇಡಿ: ಸ್ಪಷ್ಟನೆ

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಸುಸ್ತು ಹೋಗದಿದ್ದರೆ ಅರ್ಧ ಮಾತ್ರೆ ಹೆಚ್ಚಿಸಿ, ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ಥೈರಾಯ್ಡ್ ಮಾತ್ರೆಯಲ್ಲಿರುವ ಹಾರ್ಮೋನಾದ ಲೆವೊಥೈರಾಕ್ಸಿನ್ ಪ್ರಮಾಣ ಬದಲಿಸಿದರೆ ಅದರ ಪೂರ್ಣ ಪರಿಣಾಮ ರಕ್ತದಲ್ಲಿ ಕಾಣಲು ಸುಮಾರು 6 ವಾರ ಬೇಕು. ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಏರುವ ಅಂಶ) ಪರೀಕ್ಷೆಗೆ ಅಷ್ಟು ಕಾಯುವುದು ಅದಕ್ಕೇ. ಪ್ರಮಾಣ ಅತಿಯಾದರೆ ಹೃದಯದ ಬಡಿತ ಲಯ ತಪ್ಪಬಹುದು, ಮೂಳೆ ಸವೆಯಬಹುದು. ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದು ಸಹಜ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2014ರ ಮಾರ್ಗಸೂಚಿ 70-80 ವರ್ಷ ದಾಟಿದವರಿಗೆ ಟಿಎಸ್‌ಎಚ್ 4ರಿಂದ 6 mIU/L ಇರುವ ಗುರಿಯನ್ನು ಸೂಚಿಸುತ್ತದೆ.

ಮೊದಲು ನೋಡಬೇಕಾದದ್ದು ಮಾತ್ರೆ ನುಂಗುವ ಕ್ರಮವನ್ನು. ಖಾಲಿ ಹೊಟ್ಟೆಯ ಥೈರಾಯ್ಡ್ ಮಾತ್ರೆಯ ಜೊತೆಗೇ ಕ್ಯಾಲ್ಸಿಯಂ, ಕಬ್ಬಿಣಾಂಶದ ಗುಳಿಗೆಗಳನ್ನೂ ಒಂದೇ ಗುಟುಕಿಗೆ ನುಂಗಿಬಿಡುವ ಅಮ್ಮಂದಿರು ಎಷ್ಟೋ ಮಂದಿ. ಅವು ಹಾರ್ಮೋನು ಮೈಗೆ ಹತ್ತದಂತೆ ತಡೆಯುತ್ತವೆ. ನಡುವೆ 4 ಗಂಟೆ ಅಂತರವಿರಲಿ. ಟಿಎಸ್‌ಎಚ್ ಸರಿಯಿದ್ದೂ ಸುಸ್ತಿದ್ದರೆ ರಕ್ತಹೀನತೆ, ಬಿ12 ಕೊರತೆ, ನಿದ್ರೆಯಲ್ಲಿ ಉಸಿರುಕಟ್ಟುವುದು, ಖಿನ್ನತೆ ಅಥವಾ ಬೇರೆ ಔಷಧಿ ಕಾರಣವಿರಬಹುದು. ‘ವಯಸ್ಸಾಯಿತಲ್ಲ’ ಎಂದು ದಯವಿಟ್ಟು ಸುಮ್ಮನಾಗಬೇಡಿ.

ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ. ಅದನ್ನು ನಂಬಿ ಈಗಾಗಲೇ ಪ್ರಮಾಣ ಹೆಚ್ಚಿಸಿದ್ದರೆ ವೈದ್ಯರಿಗೆ ತಿಳಿಸಿ. ಎದೆ ಡವಡವ ಎನ್ನುತ್ತಿದ್ದರೆ ಅಂದೇ ಕರೆದೊಯ್ದು ತೋರಿಸಿ.