ಡೈ ಪೂರ್ತಿ ಕೆಳಗಿಳಿಸುವ ಮೊದಲು ಕೇಸ್ ಅಳೆಯಿರಿ

ರೀಲೋಡಿಂಗ್, ಅಂದರೆ ಹಾರಿಸಿದ ತೋಟಾದ ಖಾಲಿ ಕೇಸಿಗೆ ಮತ್ತೆ ಮದ್ದು, ಬುಲೆಟ್ ತುಂಬುವ ಕೆಲಸ ಮಾಡುವವರು ನಾಲ್ಕು ಜನ ಸೇರಿದರೆ ಮಾತೆಲ್ಲ ಬುಲೆಟ್ ಮತ್ತು ಮದ್ದಿನದ್ದೇ. ಹಿತ್ತಾಳೆ ಕೇಸಿನ ವಿಷಯ ಬಂದರೆ "ತೊಳೆದು ಡೈಗೆ ಹಾಕಿದ್ರಾಯ್ತು" (ಡೈ ಅಂದರೆ ಉಬ್ಬಿದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು) ಅಂತ ಮುಗಿಸಿಬಿಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ತೋಟಾದಲ್ಲಿ ಮತ್ತೆ ಮತ್ತೆ ಬಳಸುವ ಭಾಗ ಕೇಸ್ ಒಂದೇ. 308 ವಿಂಚೆಸ್ಟರ್ ಅನ್ನುವ ರೈಫಲ್ ತೋಟಾದಲ್ಲಿ ಒತ್ತಡದ ಮಿತಿ 62,000 ಪಿಎಸ್‌ಐ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡ್. ಅಷ್ಟು ಒತ್ತಡದ ಗ್ಯಾಸ್ ನಿಮ್ಮ ಮುಖದ ಕಡೆಗೆ ನುಗ್ಗದಂತೆ ಮುಚ್ಚಿಡುವುದು ಈ ತೆಳು ಹಿತ್ತಾಳೆ.

ಇಲ್ಲಿ ಅಮೆರಿಕದಲ್ಲಿ ಇದು ಮನೆಯ ಗ್ಯಾರೇಜಿನಲ್ಲಿ ಮಾಡುವ ಸಾಮಾನ್ಯ ಹವ್ಯಾಸ. ಊರಿನ ಗೆಳೆಯರೂ ಓದುತ್ತಿರುವುದರಿಂದ ಹೇಳಿಬಿಡುತ್ತೇನೆ, ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ.

ಗುಂಡು ಹಾರಿದಾಗ ಕೇಸಿಗೆ ಏನಾಗುತ್ತದೆ ನೋಡಿ. ಫೈರಿಂಗ್ ಪಿನ್ ಹೊಡೆತಕ್ಕೆ ಕೇಸ್ ಮೊದಲು ಮುಂದಕ್ಕೆ ಹೋಗುತ್ತದೆ. ಒತ್ತಡ ಏರುತ್ತಿದ್ದಂತೆ ಅದರ ತೆಳುವಾದ ಮುಂಭಾಗ ಉಬ್ಬಿ ಚೇಂಬರ್ (ರೈಫಲ್‌ನಲ್ಲಿ ತೋಟಾ ಕೂರುವ ಗೂಡು) ಗೋಡೆಗೆ ಕಚ್ಚಿಕೊಳ್ಳುತ್ತದೆ. ಬುಡ ದಪ್ಪ, ಅದು ಕಚ್ಚುವುದಿಲ್ಲ. ಹಿಂದೆ ಜಾಗ ಇದ್ದರೆ ಹಿಂದಿನಿಂದ ಚೇಂಬರ್ ಮುಚ್ಚುವ ಬೋಲ್ಟ್ ಮುಟ್ಟುವವರೆಗೂ ಸರಿಯುತ್ತದೆ. ಮುಂಭಾಗ ಅಲ್ಲೇ ನಿಂತು ಬುಡ ಮಾತ್ರ ಹಿಂದಕ್ಕೆ ಹೋದರೆ ನಡುವಿನ ಹಿತ್ತಾಳೆ ಹಿಗ್ಗಲೇಬೇಕು, ಅಲ್ವಾ? ಬುಡದಿಂದ ಸ್ವಲ್ಪ ಮೇಲೆ, ದಪ್ಪ ಮುಗಿದು ತೆಳುವಾಗುವ ಕಡೆ ಅದು ಹಿಗ್ಗುತ್ತದೆ. ನಾವು ಡೈಯಲ್ಲಿ ರಿಸೈಜ್ ಮಾಡುವಾಗ ಶೋಲ್ಡರ್ ಅನ್ನು, ಅಂದರೆ ಕೇಸಿನ ಮೈ ಕತ್ತಿನ ಕಡೆ ಕಿರಿದಾಗುವ ಇಳಿಜಾರನ್ನು, ಜಾಸ್ತಿ ಹಿಂದಕ್ಕೆ ತಳ್ಳಿದರೆ ಮುಂದಿನ ಸಲವೂ ಅದೇ ಜಾಗ ಹಿಗ್ಗುತ್ತದೆ. ತಂತಿಯನ್ನು ಒಂದೇ ಕಡೆ ಬಗ್ಗಿಸುತ್ತಾ ಇದ್ದರೆ ಕೊನೆಗೆ ತುಂಡಾಗುವ ಹಾಗೆ, ಒಂದು ದಿನ ಬುಡ ಬೇರೆ, ಮೈ ಬೇರೆ.

ಡೈ ಜೊತೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಇರುವ ಸೂಚನೆ ಒಂದೇ. ಕೇಸಿನ ಬುಡ ಹಿಡಿದಿಡುವ ಶೆಲ್ ಹೋಲ್ಡರ್‌ಗೆ ತಾಗುವವರೆಗೆ ಡೈ ಇಳಿಸಿ, ಆಮೇಲೆ ಇನ್ನು ಸ್ವಲ್ಪ ತಿರುಗಿಸಿ. ಯಾವ ರೈಫಲ್‌ಗೂ ತೋಟಾ ಕೂರಬೇಕು ಅನ್ನುವ ಲೆಕ್ಕ ಅದು. ನಿಮ್ಮ ರೈಫಲ್‌ನ ಚೇಂಬರ್ ಅಳತೆ ಆ ಚೀಟಿಗೆ ಗೊತ್ತಿಲ್ಲ. ಕ್ಯಾಲಿಪರ್‌ಗೆ ಹಾಕುವ ಒಂದು ಕಂಪ್ಯಾರೇಟರ್ ಕೊಳ್ಳಿ. ಹಾರಿಸಿದ ಕೇಸಿನ ಹಳೇ ಪ್ರೈಮರ್ (ಬುಡದಲ್ಲಿ ಕೂರುವ, ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ತೆಗೆದು ಬುಡದಿಂದ ಶೋಲ್ಡರ್‌ವರೆಗೆ ಅಳೆಯಿರಿ. ಪ್ರೈಮರ್ ಸ್ವಲ್ಪ ಉಬ್ಬಿದ್ದರೂ ಅಳತೆ ಸುಳ್ಳು ಹೇಳುತ್ತದೆ. ಬೋಲ್ಟ್ ಆಕ್ಷನ್ ರೈಫಲ್ ಆದರೆ ಅಲ್ಲಿಂದ ಇಂಚಿನ ಸಾವಿರದಲ್ಲಿ 1 ಅಥವಾ 2 ಭಾಗ ಹಿಂದೆ ತಳ್ಳಿದರೆ ಸಾಕು. ಸೆಮಿ ಆಟೋಮ್ಯಾಟಿಕ್‌ಗೆ 3 ಅಥವಾ 4. ಡೈಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಪ್ರತಿ ಸಲ ಅಳೆಯುತ್ತಾ ಅಲ್ಲಿಗೆ ಬನ್ನಿ. ಬೇಸರದ ಕೆಲಸವೇ, ಆದರೆ ನಿಮ್ಮ ಹಿತ್ತಾಳೆ ಎಷ್ಟು ದಿನ ಬಾಳುತ್ತದೆ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಇನ್ನು ನೋಡುವ ಕೆಲಸ. ಬುಡದ ಮೇಲೆ ಸುತ್ತಲೂ ಹೊಳೆಯುವ ಗೆರೆ ಕಂಡರೆ ನಿಲ್ಲಿಸಿ. ಎಲ್ಲ ಗೆರೆಯೂ ಅಪಾಯದ್ದಲ್ಲ, ಡೈ ಉಜ್ಜಿದ ಗುರುತೂ ಹಾಗೇ ಕಾಣುತ್ತದೆ. ಹೊರಗೆ ನೋಡಿ ಊಹಿಸುವ ಬದಲು ಪೇಪರ್ ಕ್ಲಿಪ್ ಬಿಡಿಸಿ, ತುದಿ ಚೂಪು ಮಾಡಿ, ಸಣ್ಣ ಕೊಕ್ಕೆಯ ಹಾಗೆ ಬಗ್ಗಿಸಿ. ಕೇಸಿನ ಒಳಗೆ ಬುಡದಿಂದ ಮೇಲಕ್ಕೆ ಎಳೆಯಿರಿ. ತುದಿ ಎಲ್ಲಾದರೂ ತೋಡಿಗೆ ಬಿದ್ದಂತೆ ಸಿಕ್ಕಿಕೊಂಡರೆ ಆ ಕೇಸ್ ಮುಗಿಯಿತು. ಹೊಸ ಪ್ರೈಮರ್ ಕೈಗೆ ಏನೂ ಬಿಗಿ ಕೊಡದೆ ಸಲೀಸಾಗಿ ಒಳಗೆ ಹೋದರೆ ಅದೂ ಮುಗಿಯಿತು. ಒತ್ತಡ ಜಾಸ್ತಿಯಾಗಿ ಪ್ರೈಮರ್ ಕೂರುವ ಪಾಕೆಟ್ ಅಗಲವಾಗಿರಬಹುದು, ಲೋಡನ್ನೂ (ತುಂಬಿದ ಮದ್ದಿನ ಅಳತೆ) ಒಮ್ಮೆ ನೋಡಿ.

ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಹಿಗ್ಗಿಸಿ ಕುಗ್ಗಿಸಿ ಗಡಸಾದ ಹಿತ್ತಾಳೆಯ ಲಕ್ಷಣ ಅದು. ಇದಕ್ಕೆ ನಮ್ಮ ದೇಶದ ಮಳೆಗಾಲದ ನಂಟೂ ಇದೆ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದ ಅಮೋನಿಯಾ, ತೇವ, ಜೊತೆಗೆ ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತ, ಮೂರೂ ಸೇರಿ ಆದದ್ದು ಎಂದು 1921ರಲ್ಲಿ ವಿವರಣೆ ಸಿಕ್ಕಿತು. ಹದವಾಗಿ ಕಾಯಿಸಿ ಆ ಬಿಗಿತ ಸಡಿಲಿಸುವುದೇ ಪರಿಹಾರ. ಮಿಲಿಟರಿ ಕೇಸುಗಳ ಕತ್ತಿನಲ್ಲಿ ಕಾಣುವ ನೀಲಿ ಕಂದು ಕಲೆ ಆ ಕಾವಿನದ್ದೇ. ಹೊಳಪು ಬರಲಿ ಅಂತ ಅಮೋನಿಯಾ ಇರುವ ಪಾಲಿಶ್ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಡೈಗೆ ಹಾಕುವ ಮೊದಲು ಕೇಸಿಗೆ ಸವರುವ ಲ್ಯೂಬ್ ಕಡಿಮೆಯಾದರೆ ಕೇಸ್ ಡೈಯೊಳಗೆ ಸಿಕ್ಕಿಕೊಳ್ಳುತ್ತದೆ, ಜಾಸ್ತಿಯಾದರೆ ಶೋಲ್ಡರ್‌ನಲ್ಲಿ ಗುಳಿ ಬೀಳುತ್ತದೆ. ಉದ್ದ ಅಳೆಯುವುದು ರಿಸೈಜ್ ಆದ ಮೇಲೆ, ಯಾಕೆಂದರೆ ಡೈಯಲ್ಲಿ ಕೇಸ್ ಉದ್ದವಾಗುತ್ತದೆ. 308ಕ್ಕೆ ಮಿತಿ 2.015 ಇಂಚು, ಕತ್ತರಿಸುವುದು 2.005ಕ್ಕೆ. ಹಳೇ ಪ್ರೈಮರ್‌ನ ಧೂಳಿನಲ್ಲಿ ಸೀಸ ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಕೇಸ್ ಶುಚಿ ಮಾಡುವ ಯಂತ್ರ, ಟಂಬ್ಲರ್ ಹೊರಗಿಡಿ, ಕೈ ತೊಳೆದೇ ಊಟಕ್ಕೆ ಕೂರಿ.

ರೇಂಜಿನಲ್ಲಿ ಬಿದ್ದಿರುವ ರೈಫಲ್ ಕೇಸ್ ಎತ್ತಿಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ. ಎಷ್ಟು ಸಲ ಹಾರಿದೆ, ಯಾರ ಚೇಂಬರ್‌ನಲ್ಲಿ ಹಿಗ್ಗಿದೆ, ಒಂದೂ ಗೊತ್ತಾಗುವುದಿಲ್ಲ. ಹಾಗೇ ನೀವು ಬೇಡವೆಂದು ಬಿಡುವ ಕೇಸಿನ ಬಾಯನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿಯೇ ಗುಜರಿ ಡಬ್ಬಕ್ಕೆ ಹಾಕಿ. ಹಾಗೇ ಬಿಟ್ಟರೆ ಇನ್ಯಾರೋ ಅದನ್ನು ಎತ್ತಿಕೊಂಡು ಹೋಗಿ ಲೋಡ್ ಮಾಡುತ್ತಾರೆ.