ಆಲ್ಬಂ ಬಂತು ಅಂತ ಸುಮ್ನೆ ಹೇಳಬೇಡಿ

ಬೆಂಗಳೂರಿನ ಜಾನಪದ-ರಾಕ್ ಬ್ಯಾಂಡು ಸ್ವರಾತ್ಮದ 'ಟೋಪಿವಾಲೆ' ಆಲ್ಬಂ ಬಂದದ್ದು 2012ರಲ್ಲಿ. ಮುಂದಿನ 'ರಾಹ್-ಎ-ಫಕೀರಾ' ಕೈಗೆ ಸಿಗುವಾಗ 2018. ಮಧ್ಯೆ ಆರು ವರ್ಷ! ಕಾಯುವುದು ನನಗೇನೂ ಬೇಜಾರಲ್ಲ. ದೊಡ್ಡ ಕಂಪನಿ ಬೆನ್ನಿಗಿಲ್ಲದ ಬ್ಯಾಂಡು ಸ್ಟುಡಿಯೋ ಬಾಡಿಗೆ, ಮಿಕ್ಸಿಂಗ್ ಖರ್ಚು ಎಲ್ಲಾ ತಾನೇ ಹೊಂದಿಸಬೇಕು. ಊರೂರು ತಿರುಗಿ ಶೋ ಮಾಡಿದರೇ ಆ ದುಡ್ಡು ಹುಟ್ಟುವುದು. ನಿಧಾನವಾಗಲಿ, ಹಾಡು ಹದವಾಗಿ ಬರಲಿ.

ನನಗೆ ಸಿಟ್ಟು ಬರುವುದು ಸುಳ್ಳು ಸುದ್ದಿ ಹಬ್ಬಿಸುವವರ ಮೇಲೆ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಫೋನ್ ಟಿಣ್ ಅಂತು. 'ಸ್ವರಾತ್ಮದ ಹೊಸ ಆಲ್ಬಂ ಬಂತು, ಬೇಗ ಕೇಳಿ.' ನಿದ್ದೆಗಣ್ಣಲ್ಲೇ ಎದ್ದೆ. ದಿಂಬಿನ ಕೆಳಗೆ ಸಿಕ್ಕು ಸಿಕ್ಕಾಗಿದ್ದ ಇಯರ್‌ಫೋನ್ ವೈರು ಬಿಡಿಸಿ ಕಿವಿಗೆ ಹಾಕಿಕೊಂಡೆ. ಎದೆ ಢವಢವ. ಒತ್ತಿದರೆ ಯಾವುದೋ ಹಳೇ ಶೋದ ವಿಡಿಯೋ, ಜನರ ಕಿರುಚಾಟದಲ್ಲಿ ಹಾಡೇ ಕೇಳಿಸುತ್ತಿಲ್ಲ. ಮೇಲೆ 'ಹೊಸದು' ಅಂತ ದಪ್ಪಕ್ಷರ ಬೇರೆ!

ನಾಲ್ಕು ಲೈಕಿಗಾಗಿ ಹೀಗೆ ಆಸೆ ಹುಟ್ಟಿಸುವುದು ಯಾಕೆ? ಹತ್ತು ಸಲ ಮೋಸ ಹೋದವರು ನಿಜವಾದ ಆಲ್ಬಂ ಬಂದ ದಿನ ಒತ್ತುವುದೇ ಇಲ್ಲ. ನಷ್ಟ ಬ್ಯಾಂಡಿನ ಹುಡುಗರಿಗೆ ಅಲ್ವಾ? ಬ್ಯಾಂಡಿನವರೇ ಹೇಳುವ ತನಕ ದಯವಿಟ್ಟು ಸುಮ್ಮನಿರಿ.