ಹಸಿರಾದ ಕುಂಕುಮ

ನಮ್ಮ ಮನೆಯ ಮೆಟ್ಟಿಲ ಪಕ್ಕದಲ್ಲಿ, ರಸ್ತೆಗೆ ಮುಖ ಮಾಡಿ, ಗಾಜಿನ ಇಟ್ಟಿಗೆಯ ಗೋಡೆಯೊಂದಿದೆ. ಬೆಂಗಳೂರಿನ ಬಡಾವಣೆಗಳಲ್ಲಿ ಮನೆ ಕಟ್ಟಿಸಿದವರಿಗೆ ಒಂದು ಕಾಲದಲ್ಲಿ ಹಿಡಿದಿದ್ದ ಹುಚ್ಚು ಅದು. ಅಡ್ಡಕ್ಕೆ ಆರು, ಎತ್ತರಕ್ಕೆ ಹತ್ತು, ಒಟ್ಟು 60 ಇಟ್ಟಿಗೆ. ಹಗಲಲ್ಲಿ ಬೆಳಕು ಒಳಗೆ ಬರುತ್ತದೆ, ಒಳಗಿರುವವರು ಹೊರಗೆ ಕಾಣುವುದಿಲ್ಲ, ಒರೆಸಲು ಮಾತ್ರ ಯಾರೂ ಒಪ್ಪುವುದಿಲ್ಲ. ಪ್ಯಾರಿಸ್ಸಿನಲ್ಲಿ ಪಿಯೆರ್ ಶರೋ 1932ರಲ್ಲಿ ಮುಗಿಸಿದ ‘ಮೇಸೋಂ ದ ವೇರ್’ ಎಂಬ ಮನೆಗೂ ಇಂಥದೇ ಗಾಜಿನ ಮುಖವಿದೆ. ಕತ್ತಲಾದ ಮೇಲೆ ಹೊರಗಿನಿಂದ ಫ್ಲಡ್‌ಲೈಟ್ ಬಿಟ್ಟು ಅದನ್ನು ಬೆಳಗಿಸುತ್ತಿದ್ದರು. ಅವರಿಗೆ ಅಷ್ಟು ಸಾಕಾಗಿತ್ತು. ನನ್ನ ಭಾವಮೈದನಿಗೆ ಸಾಕಾಗಲಿಲ್ಲ.

“ಭಾವ, ರಾಜ್ಯೋತ್ಸವಕ್ಕೆ ಇಡೀ ಗೋಡೆಯನ್ನೇ ಕನ್ನಡ ಬಾವುಟ ಮಾಡಿಬಿಡೋಣ” ಎಂದು ಅವನು ಎಸ್.ಪಿ. ರಸ್ತೆಯಿಂದ ಡಬ್ಲ್ಯುಎಸ್2812ಬಿ ಎಂಬ ಎಲ್‌ಇಡಿ ದೀಪದ ಪಟ್ಟಿಯ ಸುರುಳಿಗಳನ್ನು ತಂದ. ಮೀಟರಿಗೆ 30 ದೀಪ. ಇಟ್ಟಿಗೆ 190 ಮಿಲಿಮೀಟರ್, ನಡುವಿನ ಸಿಮೆಂಟು 10, ಅಲ್ಲಿಗೆ ಇಟ್ಟಿಗೆಗೆ ಸರಿಯಾಗಿ ಆರು ದೀಪ, ಗೋಡೆಗೆ 360. ಕಾಗದದ ಮೇಲೆ ಲೆಕ್ಕ ಎಷ್ಟು ಚೆಂದ ಕೂತಿತೆಂದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು.

ದೀಪಗಳ ನಡುವಿನ ಅಂತರವನ್ನು ಕಾರ್ಖಾನೆಯ ಯಂತ್ರ ಅಳೆದಿದೆ. ಗೋಡೆ ಕಟ್ಟಿದ ಮೇಸ್ತ್ರಿ ಕಣ್ಣಳತೆಯವರು. ಒಂದು ಸಂದಿಗೆ ಎಂಟು ಮಿಲಿಮೀಟರ್ ಸಿಮೆಂಟು, ಪಕ್ಕದ್ದಕ್ಕೆ ಧಾರಾಳವಾಗಿ ಹದಿನೈದು. ಹಾಗಾಗಿ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಐದನೆಯ ಇಟ್ಟಿಗೆಯ ದೀಪ ಆರನೆಯದರ ಮನೆಗೆ ಕಾಲಿಟ್ಟಿತ್ತು, ಇನ್ನೊಂದು ಸಿಮೆಂಟಿನ ಹಿಂದೆ ಕೂತು ಯಾರಿಗೂ ಕಾಣದೆ ಉರಿಯುತ್ತಿತ್ತು. ಯಾವ ದೀಪ ಯಾವ ಇಟ್ಟಿಗೆಯದು ಎಂಬ ಪಟ್ಟಿಯನ್ನು ಕೈಯಲ್ಲೇ ಬರೆಯಬೇಕಾಯಿತು. ನಾನು ಮೆಟ್ಟಿಲ ಮೇಲೆ ಕೂತು “ಇದು ಇವನದು, ಇದು ಅವನದು, ಇದು ಯಾರದೂ ಅಲ್ಲ” ಎಂದು ಕೂಗುವುದು, ಅವನು ಬರೆದುಕೊಳ್ಳುವುದು. ಆಸ್ತಿ ಪಾಲಾಗುತ್ತಿದೆ ಎಂದುಕೊಂಡು ಕೆಲಸದಾಕೆ ಪೊರಕೆ ಹಿಡಿದು ಅಲ್ಲೇ ನಿಂತಳು.

ಈ ಪಟ್ಟಿಯ ನಡೆ ಮದುವೆ ಮನೆಯ ಪಂಕ್ತಿಯಂಥದು. ಮೊದಲ ದೀಪ ಬಂದ ಮಾಹಿತಿಯಲ್ಲಿ ತನ್ನ ಪಾಲಿನ 24 ಬಿಟ್ ಎತ್ತಿಕೊಂಡು ಉಳಿದದ್ದನ್ನು ಪಕ್ಕದವನಿಗೆ ದಾಟಿಸುತ್ತದೆ, ಅವನು ಮುಂದಿನವನಿಗೆ. ನಡುವೆ ಒಬ್ಬ ಮುನಿಸಿಕೊಂಡರೆ ಅವನ ನಂತರದವರೆಲ್ಲ ಉಪವಾಸ. ಪಟ್ಟಿಯ ಮೇಲೆ ಸಣ್ಣ ಬಾಣದ ಗುರುತು ಇರುತ್ತದೆ. ಬಡಿಸುವವನು ಆ ದಿಕ್ಕಿನಲ್ಲೇ ಹೋಗಬೇಕು. ತಂತಿ ಉಳಿಸಲೆಂದು ಭಾವಮೈದ ಒಂದು ಸಾಲನ್ನು ಎಡದಿಂದ ಬಲಕ್ಕೆ, ಮುಂದಿನದನ್ನು ಬಲದಿಂದ ಎಡಕ್ಕೆ ಅಂಟಿಸಿದ್ದ. ಪ್ಲಗ್ ಪಾಯಿಂಟ್ ಕೆಳಗಿದ್ದುದರಿಂದ ಶುರುವೂ ಕೆಳಗಿನಿಂದಲೇ.

ರಾಜ್ಯೋತ್ಸವಕ್ಕೆ ಮುಂಚಿನ ಸಂಜೆ ಮೊದಲ ಬಾರಿ ಬಾವುಟ ಬೆಳಗಿತು. ಮ. ರಾಮಮೂರ್ತಿಯವರು ರೂಪಿಸಿದ ಬಾವುಟದಲ್ಲಿ ಮೇಲೆ ಅರಿಶಿನ, ಕೆಳಗೆ ಕುಂಕುಮ. ನಮ್ಮ ಗೋಡೆಯಲ್ಲಿ ಅರಿಶಿನ ಕೆಳಗಿತ್ತು. ಮೇಲೆ ಗಿಳಿಹಸಿರು.

ಎದುರು ಮನೆಯ ನಿವೃತ್ತ ಮೇಷ್ಟರು ವಾಕಿಂಗ್ ನಿಲ್ಲಿಸಿ ತುಂಬಾ ಹೊತ್ತು ನೋಡಿದರು. “ರಾಯರೇ, ಯಾವ ಪಕ್ಷ ಸೇರಿದಿರಿ?” ಎಂದರು.

ತಲೆಕೆಳಗಾದದ್ದು ಸರಿಯೇ, ಪ್ರೋಗ್ರಾಂ ಮೇಲಿನಿಂದ ಎಣಿಸುತ್ತಿತ್ತು, ದೀಪ ಕೆಳಗಿನಿಂದ. ಹಸಿರಿನ ಕತೆಯೇ ಬೇರೆ. ನಾವೆಲ್ಲ ಕೆಂಪು, ಹಸಿರು, ನೀಲಿ ಎಂದು ಹೇಳಿಕೊಂಡು ಬಂದವರು. ದೀಪದೊಳಗಿನ ಈ ಚಿಪ್‌ಗೆ ಮಾತ್ರ ಮೊದಲು ಹಸಿರು, ಆಮೇಲೆ ಕೆಂಪು. ಹಳದಿಯಲ್ಲಿ ಎರಡೂ ಸಮಸಮ ಇದ್ದುದರಿಂದ ಅದು ಹಳದಿಯಾಗಿಯೇ ಉಳಿದು, ಕುಂಕುಮ ಒಂದೇ ಮೋಸ ಹೋಯಿತು. ಈ ಕ್ರಮವನ್ನು ನಿಶ್ಚಯಿಸಿದ ಮಹಾನುಭಾವ ಯಾರೇ ಇರಲಿ, ಅವನು ಜನ್ಮದಲ್ಲಿ ಒಬ್ಬ ಮುತ್ತೈದೆಗೂ ಕುಂಕುಮ ಕೊಟ್ಟವನಲ್ಲ. ಎಣಿಕೆಯನ್ನು ತಿರುಗಿಸಿ, ಪ್ರೋಗ್ರಾಂನಲ್ಲಿ ಬಣ್ಣದ ಮೂರು ಅಕ್ಷರ ಹಿಂದುಮುಂದು ಮಾಡಿದರೆ ಮುಗಿಯಿತು ಎಂದು ಭಾವಮೈದ ನಕ್ಕ. ಮುಗಿಯಿತು ಎಂದುಕೊಂಡಿದ್ದೆವು, ಅಮ್ಮ ಬರುವ ತನಕ.

ಅಮ್ಮ ದೇವರ ಮನೆಯಿಂದ ಅರಿಶಿನ ಕುಂಕುಮದ ಬಟ್ಟಲು ತಂದರು. ಅಂಗೈಯಲ್ಲಿ ಚಿಟಿಕೆ ಅರಿಶಿನ ಹಾಕಿಕೊಂಡು, ಕೈಯನ್ನು ಗಾಜಿನ ಪಕ್ಕಕ್ಕೆ ಹಿಡಿದು, ಕನ್ನಡಕ ಏರಿಸಿ, “ಇದು ಅರಿಶಿನವಲ್ಲ, ನಿಂಬೆಹಣ್ಣು” ಎಂದರು. ಭಾವಮೈದ ಹಳದಿಯೊಳಗಿನ ಹಸಿರನ್ನು ಪೂರ್ತಿ ಪ್ರಮಾಣವಾದ 255ರಿಂದ 200ಕ್ಕೆ ಇಳಿಸಿದ. “ಇನ್ನೂ ಹುಳಿ.” 170. “ಹತ್ತಿರ ಬಂತು.” 150ಕ್ಕೆ ಬಂದಾಗ ತಲೆಯಾಡಿಸಿದರು. ಆಮೇಲೆ ಕತ್ತು ಎತ್ತಿ, “ಮೇಲಿನ ಸಾಲಿಗೆ ಯಾಕೆ ಕುಂಕುಮ ಬೆರೆಸಿದ್ದೀರಿ?” ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಐದು ವೋಲ್ಟ್ ಕೆಳಗಿನಿಂದ ಹತ್ತಿ ಹೋಗುವಷ್ಟರಲ್ಲಿ ದಾರಿಯಲ್ಲೇ ಸವೆಯುತ್ತದೆ. ಕೆಂಪಿಗೆ ಕಡಿಮೆ ವೋಲ್ಟೇಜ್ ಇದ್ದರೂ ನಡೆಯುತ್ತದೆ, ಹಸಿರಿಗೂ ನೀಲಿಗೂ ನಡೆಯುವುದಿಲ್ಲ. ಆದ್ದರಿಂದ ತುದಿಯ ಹಳದಿ ಕಿತ್ತಳೆಗೆ ತಿರುಗಿತ್ತು. ಮೇಲಿನ ತುದಿಗೂ ಬೇರೆ ತಂತಿಯಲ್ಲಿ ವಿದ್ಯುತ್ ಕೊಡಬೇಕಾಯಿತು. ಮಲ್ಟಿಮೀಟರ್ ಹಿಡಿದು ಎರಡು ಗಂಟೆ ಹುಡುಕಬೇಕಿದ್ದ ದೋಷವನ್ನು ಚಿಟಿಕೆ ಅರಿಶಿನ ಹಿಡಿದುಕೊಟ್ಟಿತು. ವಿದ್ಯುತ್ತಿನ ಹಸಿವೂ ಸಾಮಾನ್ಯದ್ದಲ್ಲ. ಪೂರ್ತಿ ಬಿಳಿ ಉರಿದರೆ ದೀಪಕ್ಕೆ 60 ಮಿಲಿಆಂಪಿಯರ್‌ನಂತೆ ಗೋಡೆಗೆ 21.6 ಆಂಪಿಯರ್ ಬೇಕು. ನನ್ನ ಹೆಂಡತಿ ಕೊಡಲು ಬಂದದ್ದು ಹಳೆಯ ಮೊಬೈಲ್ ಚಾರ್ಜರ್.

ಮಿಕ್ಸಿಯದು ಇನ್ನೊಂದು ಕಾಟ. ಮಾರನೆಯ ದಿನ ಬೆಳಿಗ್ಗೆ ಚಟ್ನಿ ರುಬ್ಬಿದಾಗಲೆಲ್ಲ ಬಾವುಟಕ್ಕೆ ಮೈಮೇಲೆ ಬಂದಂತಾಗಿ ನೇರಳೆ, ನೀಲಿ ಮಿಂಚು ಹಾರುತ್ತಿತ್ತು. ಪ್ರೋಗ್ರಾಂ ನಡೆಸುವ ಇಎಸ್‌ಪಿ32 ಬೋರ್ಡು ಸಂಕೇತ ಕೊಡುವುದು 3.3 ವೋಲ್ಟಿನಲ್ಲಿ, ಐದು ವೋಲ್ಟಿನ ಪಟ್ಟಿ ಕೇಳುವುದು ಕನಿಷ್ಠ 3.5. ಬೋರ್ಡು ಪಿಸುಗುಟ್ಟಿದ್ದನ್ನು ಪಟ್ಟಿ ಊಹಿಸಿಕೊಂಡು ಉರಿಯುತ್ತಿತ್ತು, ಮಿಕ್ಸಿಯ ಗದ್ದಲದಲ್ಲಿ ಊಹೆ ತಪ್ಪುತ್ತಿತ್ತು. ನಡುವೆ ಸಂಕೇತವನ್ನು ಐದು ವೋಲ್ಟಿಗೆ ಏರಿಸುವ 74ಎಎಚ್‌ಸಿಟಿ125 ಎಂಬ ಚಿಪ್ ಹಾಕಿದರೆ ಸರಿಹೋಗುತ್ತದೆ. ಹಬ್ಬದ ದಿನ ಅಂಗಡಿ ಮುಚ್ಚಿತ್ತು. ಭಾವಮೈದ ಅಮ್ಮನ ಮುಂದೆ ನಿಂತು, ಸಂಜೆ ಆರರ ಮೇಲೆ ಮಿಕ್ಸಿ ಹಾಕಬಾರದೆಂದು ಬಹಳ ವಿನಯದಿಂದ ಕೇಳಿಕೊಂಡ. “ಹಾಗಾದರೆ ರಾತ್ರಿ ದೋಸೆಗೆ ನಿನ್ನ ಬಾವುಟವನ್ನೇ ನೆಂಚಿಕೋ” ಎಂದರು ಅಮ್ಮ.

ಅಂತೂ ಸಂಜೆ ಮೇಲೆ ಅರಿಶಿನ, ಕೆಳಗೆ ಕುಂಕುಮ ನಿಂತಿತು. ಮೇಷ್ಟರು ಚಪ್ಪಾಳೆ ತಟ್ಟಿದರು. ರಸ್ತೆಯಲ್ಲಿ ಹೋಗುವವರು ಮೊಬೈಲ್ ಎತ್ತಿದರು. ಏಳು ಗಂಟೆಗೆ ಬಡಾವಣೆಯ ಹುಡುಗರು ಚಂದಾ ಪುಸ್ತಕ ಹಿಡಿದು ಬಂದರು. ಪ್ರತಿ ವರ್ಷ ನಾನು ಕೊಡುವುದು ಐನೂರು. ಮುಂದಾಳು ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಪೆನ್ನಿನ ಕ್ಯಾಪ್ ತೆಗೆದು, “ಐದು ಸಾವಿರ ಬರೆದುಕೊಳ್ಳಲಾ ಸಾರ್?” ಎಂದ. ನಾನು ಭಾವಮೈದನಿಗೆ ಕಣ್ಸನ್ನೆ ಮಾಡಿದೆ, ಗೋಡೆ ಆರಿಸಿಬಿಡು ಎಂದು. ಅವನು ಮೊಬೈಲ್ ಒತ್ತಿದ. ಗೋಡೆ ಆರಲಿಲ್ಲ, ಕಾಮನಬಿಲ್ಲಿನ ಏಳೂ ಬಣ್ಣಗಳಲ್ಲಿ ಮೇಲೆ ಕೆಳಗೆ ಕುಣಿಯತೊಡಗಿತು. ಹುಡುಗ ಐದರ ಮುಂದೆ ಸೊನ್ನೆಗಳನ್ನು ಬರೆಯಲು ಶುರುಮಾಡಿದ್ದ.